ನಿಮಿಷದಂಗಡಿ

ಅಬಾಂಕಾಯ್ ರಸ್ತೆಯ ಮೂಲೆಯಲ್ಲಿ ನನ್ನ ಅಂಗಡಿ.
ಬಾಗಿಲಿಲ್ಲ, ಹಲಗೆಯಿಲ್ಲ, ತಕ್ಕಡಿಯೂ ಇಲ್ಲ.
ಒಂದು ಕೈಗಡಿಯಾರ, ಗೆರೆ ಹಾಕಿದ ಪುಸ್ತಕ,
ಕಿವಿಗೆ ಸಿಕ್ಕಿಸಿದ ಮೋಟು ಪೆನ್ಸಿಲು.
ನಾನು ನಿಮಿಷ ಮಾರುವವನು.

ಕಡಲಿನಿಂದ ಎದ್ದ ಮಂಜು ಲಿಮಾದ ಮೇಲೆ
ಒಗೆಯದ ಹೊದಿಕೆಯ ಹಾಗೆ ಬಿದ್ದಿರುತ್ತದೆ.
ಇಲ್ಲಿ ಮಳೆ ಬರುವುದಿಲ್ಲ,
ಬಂದೇ ಬಿಡುತ್ತೇನೆಂದು ಗೋಡೆ ಒದ್ದೆ ಮಾಡಿ ಹೋಗುತ್ತದೆ.
ಆ ಬೂದಿಯೊಳಗಿಂದ ಮೂಗು ತೂರಿಸುತ್ತವೆ ಕೊಂಬಿ ವ್ಯಾನುಗಳು:
ಹನ್ನೆರಡು ಸೀಟು, ಇಪ್ಪತ್ತಮೂರು ಜನ,
ಎಳ್ಳು ಹಾಕಿದರೆ ಕೆಳಗೆ ಬೀಳದ ಹಾಗೆ.
ಕಿಟಕಿಯಿಂದ ಗದ್ದ ಎತ್ತುತ್ತಾನೆ ಚಾಲಕ:
"ಸಾತುರ್ನಿನೊ, ಎಷ್ಟು?"
"ಮುಂದಿನವ ನಾಲ್ಕು. ಅವನ ಮುಂದಿನವ ಒಂಬತ್ತು, ಖಾಲಿ."
ಅಂಗೈಗೆ ಒಂದು ಬಿಲ್ಲೆ ಬೀಳುತ್ತದೆ.

ಒಂಬತ್ತು ಅಂದರೆ ತೆವಳು, ತುಂಬಿಕೋ.
ಎರಡು ಅಂದರೆ ಅಟ್ಟು, ಹಿಂದೆ ಹಾಕು,
ಅವನ ಜನರನ್ನು ನೀನು ಹತ್ತಿಸಿಕೋ.
ನನ್ನ ಬಾಯಿಂದ ಬಿದ್ದ ಅಂಕಿ
ಅವರ ಬಲಗಾಲಿಗೆ ಇಳಿಯುತ್ತದೆ.

ಇಪ್ಪತ್ತೆರಡು ವರ್ಷ
ಹೊತ್ತನ್ನು ಹೊತ್ತು ನಿಂತಿದ್ದೇನೆ ಇಲ್ಲಿ.
ಗುಡ್ಡ ಇಳಿದು ಬರಲು ಎರಡು ಗಂಟೆ,
ಮರಳಲು ಎರಡೂವರೆ.
"ಊರಿಗೆಲ್ಲ ಹಂಚುತ್ತೀಯ,
ಮನೆಗೂ ಒಂದೆರಡು ನಿಮಿಷ ತಾರಯ್ಯಾ"
ಅನ್ನುತ್ತಾಳೆ ದೊಮಿತಿಲಾ, ಆರಿದ ಸಾರು ಬಡಿಸುತ್ತ.

ನಗರಸಭೆಯಿಂದ ಬಂದವಳು ರೊಸಾಲ್ಬಾ.
ಕಿತ್ತಳೆ ಬಣ್ಣದ ಅಂಗಿ, ಕೈಯಲ್ಲಿ ಎಣಿಕೆಯ ಯಂತ್ರ,
ಎರಡು ದಿನ ನನ್ನ ಪಕ್ಕದಲ್ಲೇ ನಿಂತು ಟಿಕ್ ಟಿಕ್ ಒತ್ತಿದಳು.
ಮೂರನೆಯ ದಿನ ಎರಡು ಲೋಟ ಬಿಸಿ ಕಷಾಯ ತಂದಳು.
"ಪುಸ್ತಕ ಎಷ್ಟಿವೆ?"
"ನೂರ ಹದಿನೇಳು."
"ನಮ್ಮ ಕ್ಯಾಮೆರಾಗಳಿಗೆ ಆರು ತಿಂಗಳ ನೆನಪಷ್ಟೇ.
ಬಸ್ಸಿಗೆಂದೇ ಒಂದು ದಾರಿ ಬಿಡುತ್ತೇವೆ. ಚಾಲಕರಿಗೆ ಸಂಬಳ.
ಯಾರೂ ಯಾರನ್ನೂ ಅಟ್ಟಬೇಕಾಗಿಲ್ಲ."
"ಆಗ ನಾನು?"
ಅವಳು ಕಷಾಯ ಊದಿದಳು.
"ಗೊತ್ತಿಲ್ಲ" ಅಂದಳು.
ಸುಳ್ಳು ಹೇಳಲಿಲ್ಲ ನೋಡಿ,
ಅದಕ್ಕೇ ಮನೆಗೆ ಕರೆದೆ.

ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ
ಅರವತ್ತಮೂರನೆಯ ಪುಸ್ತಕವೂ ಇತ್ತು.
ಆಗಸ್ಟ್. ಏಳು ಗಂಟೆ ಹದಿನಾಲ್ಕು: ಎರಡು.
ಎರಡು ಅಂದಿದ್ದೆ. ನಿಜಕ್ಕೂ ಎರಡೇ ಇತ್ತು.
ಎರಡು ವ್ಯಾನು, ಒಂದೇ ತಿರುವು,
ಪಾಟಿಚೀಲದ ಹುಡುಗಿಯ ಒಂದು ಕಾಲು ಮೆಟ್ಟಿಲಲ್ಲಿ,
ಇನ್ನೊಂದು ನೆಲದಲ್ಲಿ.
ಅದರ ಕೆಳಗೆ ಒಂದು ಸಾಲು ಖಾಲಿ.
ಅದರ ಕೆಳಗೆ, ಏಳು ಗಂಟೆ ನಲವತ್ತು: ಐದು.
ಅಂದರೆ ನಾನು ಅಲ್ಲೇ ನಿಂತಿದ್ದೆ.
ಅಂದರೆ ಮತ್ತೆ ಮಾರಿದೆ.

ರೊಸಾಲ್ಬಾ ಬೆರಳಿಟ್ಟಳು:
"ಇಲ್ಲಿ ಇಪ್ಪತ್ತಾರು ನಿಮಿಷ ಏನೂ ಇಲ್ಲವಲ್ಲ?"
"ಇದೆ" ಅಂದೆ.
ಅವಳು ಮತ್ತೆ ಕೇಳಲಿಲ್ಲ.
ಹಾಳೆ ಹರಿಯದೆ ಹಾಗೇ ಕೊಟ್ಟೆ, ಎಲ್ಲವನ್ನೂ.
ಬೆಲೆ ಎಷ್ಟೆಂದು ಕೇಳಿದಳು,
ನನಗೆ ಲೆಕ್ಕ ಬರಲಿಲ್ಲ.

ಈಗ ಬರುತ್ತದೆ ಉದ್ದ ಬಸ್ಸು,
ಹಳದಿ ಗೆರೆಯೊಳಗೆ, ಆತುರವಿಲ್ಲದ ಪ್ರಾಣಿಯ ಹಾಗೆ.
ನಿಲ್ಲುತ್ತದೆ. ಪೂರ್ತಿ ನಿಲ್ಲುತ್ತದೆ.
ಆಲೂಗಡ್ಡೆ ಮೂಟೆಯ ಅಜ್ಜಿ
ಮೊದಲು ಮೂಟೆ, ಆಮೇಲೆ ಮಂಡಿ, ಆಮೇಲೆ ತಾನು
ಹತ್ತುವವರೆಗೂ ಕಾಯುತ್ತದೆ.
ಪಕ್ಕದಲ್ಲಿ ಕಾರುಗಳು ಇವತ್ತಿಗೂ ಹಾರ್ನು ಬಡಿದುಕೊಂಡು
ಇದ್ದಲ್ಲೇ ಇವೆ. ಇರಲಿ.
ಕೆಲಸ ಕೊಡುತ್ತೇವೆ ಎಂದವರು ಇನ್ನೂ ಕೊಟ್ಟಿಲ್ಲ.
ದೊಮಿತಿಲಾಳ ತಳ್ಳುಗಾಡಿಗೆ ಈರುಳ್ಳಿ ಹೆಚ್ಚಿಕೊಡುತ್ತೇನೆ.

ನಿನ್ನೆ, ಚಾಲಕನ ಬೆನ್ನ ಹಿಂದೆ ನಿಂತವನು
ಬಾಯಿ ತಡೆಯದೆ ಅಂದುಬಿಟ್ಟೆ:
"ಮುಂದಿನವ ಏಳು."
ಕನ್ನಡಿಯಲ್ಲಿ ಕಣ್ಣೆತ್ತಿದ ಹುಡುಗ:
"ಅದಕ್ಕೇನೀಗ, ತಾತ?"

ಅದಕ್ಕೇನೂ ಇಲ್ಲ.
ಕೊನೆಯ ಸ್ಟಾಪಿನಲ್ಲಿ ಇಳಿದು ಗುಡ್ಡ ಹತ್ತಿದೆ.
ಮೇಲೆ ಇನ್ನೂ ಬೆಳಕಿತ್ತು.
ಬಾಗಿಲಲ್ಲಿ ನಿಂತ ದೊಮಿತಿಲಾ
ಗಡಿಯಾರವನ್ನು ನೋಡಿದಳು,
ನನ್ನನ್ನಲ್ಲ.